ಗೋಡೆಯೊಳಗಿನ ಬಿಳಿ ಹಿಂಡು

ಇಂಗ್ಲೆಂಡಿನ ಒಂದು ಶ್ರೀಮಂತ ಜಮೀನ್ದಾರಿ ಮನೆತನದ ಇತಿಹಾಸ ನನ್ನ ಮೇಜಿಗೆ ಬಂದದ್ದು ದನದ ಬಾಲದ ಕೂದಲಿನ ರೂಪದಲ್ಲಿ. ಬುಡಸಮೇತ ಕಿತ್ತ ಬಿಳಿ ಕೂದಲು, ಒಂದೊಂದು ದನದ್ದು ಒಂದೊಂದು ಲಕೋಟೆಯಲ್ಲಿ. ಜೊತೆಗೆ ಚರ್ಮದ ರಟ್ಟು ಹಾಕಿಸಿದ ದಪ್ಪ ಪುಸ್ತಕವೊಂದಿತ್ತು. ಮನೆತನದವರೇ ತಮ್ಮ ಚರಿತ್ರೆಯನ್ನು ಬರೆಸಿ ಅಚ್ಚು ಹಾಕಿಸಿದ್ದು. ಕೂದಲನ್ನು ಫ್ರಿಜ್ಜಿನಲ್ಲಿಟ್ಟೆ. ಪುಸ್ತಕವನ್ನು ಮನೆಗೆ ಒಯ್ದೆ, ಏಕೆಂದರೆ ಚರ್ಮದ ವಸ್ತು ಯಾವುದೂ ನಮ್ಮ ಲ್ಯಾಬಿನೊಳಗೆ ಬರುವಂತಿರಲಿಲ್ಲ.

ಎರಡು ಸಾವಿರದ ದಶಕದ ನಡುವಿನ ಮಾತು. ಉಪ್ಸಾಲಾದಲ್ಲಿ ಹಳೇ ಮೂಳೆ, ಹಲ್ಲುಗಳಿಂದ ಜಾನುವಾರುಗಳ ಡಿಎನ್ಎ ತೆಗೆದು ಓದುವ ಒಂದು ಚಿಕ್ಕ ಗುಂಪಿನಲ್ಲಿ ನಾನಿದ್ದೆ. ಓದಿದ್ದು ಪಶುವೈದ್ಯಕೀಯ, ಊರಿನಲ್ಲಿದ್ದಾಗ ಮೈಸೂರು ಅರಸರು ದನ ಮೇಯಲು ಬಿಟ್ಟಿದ್ದ ಅಮೃತಮಹಲ್ ಕಾವಲೊಂದರಲ್ಲಿ ಕೆಲ ಕಾಲ ದನಗಳ ಹಿಂದೆ ಅಲೆದಿದ್ದೆ. ಯಾವಾಗಲೋ ಫಿಕಾ ಹೊತ್ತಿನಲ್ಲಿ, ಎಲ್ಲರೂ ಕೂತು ಕಾಫಿ ಕುಡಿಯುವಾಗ ಅದನ್ನು ಹೇಳಿದ್ದನ್ನು ನಮ್ಮ ಪ್ರೊಫೆಸರು ನೆನಪಿಟ್ಟುಕೊಂಡಿದ್ದರು. "ಅರಸರ ದನ ನಿನಗೆ ಹೊಸದಲ್ಲವಲ್ಲ, ಇದು ನಿನ್ನದೇ" ಎಂದು ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಸ್ವೀಡನ್ನಿನಲ್ಲಿ ಪ್ರೊಫೆಸರನ್ನೂ ಹೆಸರು ಹಿಡಿದು ಕರೆಯುವುದು ರೂಢಿ. ನನಗೆ ಕೊನೆಯವರೆಗೂ ಬಾಯಿ ಬರಲಿಲ್ಲ. ಆಕೆಯ ಎದುರು ನಿಂತು, ಒಮ್ಮೆ ಕೆಮ್ಮಿ, ನೇರವಾಗಿ ವಿಷಯಕ್ಕೆ ಬಂದುಬಿಡುತ್ತಿದ್ದೆ.

ಪುಸ್ತಕವನ್ನು ನಾನು ಓದಿದ್ದು ಕಾಲಾನುಕ್ರಮ ಹಿಡಿಯಲು. ಮೂಲಪುರುಷ ಯಾವುದೋ ಯುದ್ಧದಲ್ಲಿ ರಾಜನಿಗೆ ಕುದುರೆ, ಆಳು, ಸಾಲ ಕೊಟ್ಟು ಅದಕ್ಕೆ ಪ್ರತಿಯಾಗಿ ಒಂದು ಇಡೀ ಕಣಿವೆ ಪಡೆದುಕೊಂಡ. ಅವನ ಮೊಮ್ಮಗ ಕಣಿವೆಯ ಗೇಣಿದಾರರನ್ನು ಎಬ್ಬಿಸಿ, ಬೆಟ್ಟದ ಸುತ್ತ ಕಲ್ಲಿನ ಗೋಡೆ ಎತ್ತಿ, ಅಲ್ಲಿ ಅಡ್ಡಾಡಿಕೊಂಡಿದ್ದ ಕಾಡು ಬಿಳಿ ದನಗಳನ್ನು ಒಳಗೆ ಹಾಕಿದ. ಅವರು ಅದನ್ನು ಪಾರ್ಕು ಅನ್ನುತ್ತಾರೆ. ನನಗೆ ಅದು ಕಾವಲು. ಆಮೇಲೆ ಬೆಟ್ಟದ ಕೆಳಗೆ ಕಲ್ಲಿದ್ದಲು ಸಿಕ್ಕಿತು. ಲೆಕ್ಕವಿಲ್ಲದಷ್ಟು ಕಿಟಕಿಗಳ ಅರಮನೆ ಎದ್ದಿತು, ರೇಸಿನ ಕುದುರೆ ಬಂದವು, ಪಾರ್ಲಿಮೆಂಟಿನಲ್ಲಿ ವಂಶಪಾರಂಪರ್ಯದ ಕುರ್ಚಿ ಬಂತು. ಒಬ್ಬ ಕಿರಿಮಗ ಮೈಸೂರಿನ ಯುದ್ಧಕ್ಕೂ ಬಂದು ಹೋಗಿದ್ದ. ಅದಕ್ಕೆ ಪುಸ್ತಕ ಕೊಟ್ಟದ್ದು ಒಂದು ಪ್ಯಾರಾ. ಕುದುರೆಗಳಿಗೆ ಒಂದು ಅಧ್ಯಾಯವಿತ್ತು. ಕೊನೆಗೆ ಎರಡು ಮಹಾಯುದ್ಧ, ಸತ್ತ ಗಂಡುಮಕ್ಕಳು, ಯಜಮಾನ ಸತ್ತರೆ ಆಸ್ತಿಗೆ ಬೀಳುವ ತೆರಿಗೆ, ಮಾರಿದ ಜಮೀನು, ಬೀಗ ಹಾಕಿದ ಕೋಣೆಗಳು. ಎಲ್ಲ ಕರಗಿದರೂ ಗೋಡೆಯೊಳಗಿನ ಬಿಳಿ ಹಿಂಡು ಮಾತ್ರ ಉಳಿದಿತ್ತು.

ಗುಂಪಿನಲ್ಲಿ ಇನ್ನೊಬ್ಬರು ಕನ್ನಡದವರಿದ್ದರು. ಮಂಗಳೂರು ಕಡೆಯ ಬಂಟರು. ನಮ್ಮ ಫಲಿತಾಂಶಗಳನ್ನು ಕಂಪ್ಯೂಟರಿಗೆ ಹಾಕಿ ನಕ್ಷೆ ತೆಗೆದುಕೊಡುವುದು ಅವರ ಕೆಲಸ. ನನ್ನಿಂದ ಪುಸ್ತಕ ಇಸಿದುಕೊಂಡು ಬಸ್ಸಿನಲ್ಲಿ ಓದಿ ಮುಗಿಸಿದರು.

"ಮೇಡಂ, ಇಷ್ಟು ತಲೆಮಾರಲ್ಲಿ ಇವ್ರ ಮನೇಲಿ ಒಬ್ರೂ ಕೆಟ್ಟವ್ರು ಹುಟ್ಟಿಲ್ಲ ನೋಡಿ," ಅಂದರು ವಾಪಸು ಕೊಡುತ್ತ. "ನಮ್ಮಜ್ಜಿ ಮನೆ ಹಿಸ್ಟರಿ ಹೀಗೆ ಬರೆಸಿದ್ರೆ ಲಾಸ್ಟ್ ಚಾಪ್ಟರ್ ಪೂರ್ತಿ ಡಿಕ್ಲರೇಶನ್. ಗೇಣಿಗೆ ಕೊಟ್ಟ ಗದ್ದೆ ಎಲ್ಲ ಹೋಯ್ತಲ್ಲ. ಇವ್ರ ಮೇಲೆ ಯಾರೂ ಡಿಕ್ಲರೇಶನ್ ಹಾಕ್ಲಿಲ್ವಾ?"

ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರು ಉಳುವ ಭೂಮಿ ತಮ್ಮದೆಂದು ಹಾಕಿದ ಅರ್ಜಿಗೆ ಅವರ ಕಡೆ ಈಗಲೂ ಅದೇ ಹೆಸರು.

"ಹಾಕೋಕೆ ಗೇಣಿದಾರರು ಅಲ್ಲಿ ಇರಬೇಕಲ್ರೀ. ಇವ್ರು ಮೊದ್ಲೇ ಓಡಿಸಿ ಗೋಡೆ ಕಟ್ಟಿದಾರೆ," ಅಂದೆ.

"ಬುದ್ಧಿವಂತರು ಮಾರಾಯ್ರೆ," ಎಂದು ನಕ್ಕರು.

ನಮ್ಮ ಕೈಗೆ ಬಂದ ಪ್ರಶ್ನೆ ಇಷ್ಟು. ಗೋಡೆ ಎದ್ದ ದಿನದಿಂದ ಹೊರಗಿನ ದನ ಒಂದೂ ಒಳಗೆ ಬಂದಿಲ್ಲ, ಬರಲೂ ಕೂಡದು ಎಂಬುದು ಆ ಮನೆಯ ಕಟ್ಟಳೆ. ಈಗ ಹಿಂಡು ಸೊರಗುತ್ತಿತ್ತು. ಹಸುಗಳು ಗಬ್ಬ ನಿಲ್ಲುತ್ತಿರಲಿಲ್ಲ, ಹೋರಿಗಳ ವೀರ್ಯ ಪರೀಕ್ಷೆ ಮಾಡಿದ ಅಲ್ಲಿನ ಪಶುವೈದ್ಯರು ತಲೆಯಾಡಿಸಿದ್ದರು. ಹೊರಗಿನ ಹೋರಿ ಬಿಡದಿದ್ದರೆ ಹಿಂಡು ಮುಗಿಯಿತು ಎಂಬುದು ಅವರ ಅಭಿಪ್ರಾಯ. ಮನೆಯ ಯಜಮಾನರು, ಎಂಬತ್ತರ ಹತ್ತಿರದ ಲಾರ್ಡು, ಸುತರಾಂ ಒಪ್ಪಲಿಲ್ಲ. ಅವರಿಗೆ ಗಂಡುಮಕ್ಕಳಿಲ್ಲ. ದನಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬಳೇ ಮಗಳು ಅಪ್ಪನ ಜೊತೆ ಜಗಳವಾಡಿ ಒಂದು ಒಪ್ಪಂದಕ್ಕೆ ಬಂದಿದ್ದಳು. ಹಿಂಡಿಗೆ ಹೊರಗಿನ ರಕ್ತ ಎಂದೂ ಸೇರಿಲ್ಲವೆಂದು ಪರೀಕ್ಷೆಯಲ್ಲಿ ಕಂಡರೆ ಅಪ್ಪನ ಮಾತೇ ಕೊನೆ. ಆಕೆ ಮತ್ತೆ ಬಾಯಿ ತೆರೆಯುವಂತಿಲ್ಲ. ಒಂದೇ ಒಂದು ಸಲ ಸೇರಿದ್ದರೂ ಕಟ್ಟಳೆ ಎಂದೋ ಮುರಿದಂತೆ. ಆಗ ಅವಳು ಹೋರಿ ತರಬಹುದು. ಇಬ್ಬರಿಗೂ ತಾವೇ ಗೆಲ್ಲುವ ನಂಬಿಕೆ. ಮಧ್ಯೆ ಸಿಕ್ಕಿದವಳು ನಾನು.

ಇಂದಿನ ಹಿಂಡಿನ ಕೂದಲಿನಿಂದ ಕೆಲಸ ಸಲೀಸಾಗಿ ನಡೆಯಿತು. ಫಲಿತಾಂಶ ನೋಡಿ ನನಗೇ ಬೇಜಾರಾಯಿತು. ನಾವು ನೋಡಿದ ಡಿಎನ್ಎ ಗುರುತುಗಳಲ್ಲಿ ಸಾಧಾರಣ ಹಿಂಡಿನಲ್ಲಿ ನಾಲ್ಕೈದು ಬಗೆ ಕಾಣುವ ಕಡೆ ಇಲ್ಲಿ ಒಂದೇ. ಯಾವ ಕರುವನ್ನು ತೆಗೆದುಕೊಂಡರೂ ಅದರ ಅಪ್ಪ ಅಮ್ಮ ಅಣ್ಣ ತಂಗಿ ಎನ್ನುವಷ್ಟು ಹತ್ತಿರ. ಆದರೆ ಇದು ಇಂದಿನ ಸ್ಥಿತಿ. ನಿನ್ನೆ ಏನಾಗಿತ್ತು ಎಂದು ತಿಳಿಯಲು ಹಳೆಯ ದನ ಬೇಕಿತ್ತು.

ಹಳೆಯ ದನಗಳು ಅವರ ಊಟದ ಹಾಲಿನ ಗೋಡೆಯ ಮೇಲಿದ್ದವು. ಮನೆಯ ವಾರಸುದಾರ ಪ್ರಾಯಕ್ಕೆ ಬಂದಾಗ ಒಬ್ಬನೇ ಪಾರ್ಕಿಗೆ ಹೋಗಿ ಒಂದು ಹೋರಿಯನ್ನು ಗುಂಡಿಟ್ಟು ಕೊಲ್ಲಬೇಕು. ಅದರ ತಲೆಬುರುಡೆಯನ್ನು ಕೊಂಬು, ಹಣೆಯ ಚರ್ಮ ಸಮೇತ ಓಕ್ ಹಲಗೆಗೆ ಬಿಗಿದು, ಹಿತ್ತಾಳೆಯ ತಗಡಿನಲ್ಲಿ ಅವನ ಹೆಸರು, ವರ್ಷ ಕೆತ್ತಿಸಿ ತೂಗುಹಾಕಬೇಕು. ತಲೆಮಾರಿಗೊಂದು ತಲೆ. ಇಂಥ ಮಾದರಿ ಸಿಗುವುದು ನಮ್ಮ ಕಸುಬಿನಲ್ಲಿ ಅಪರೂಪ: ತಾರೀಖು ಸಹಿತ, ಎಲ್ಲವೂ ಗಂಡು. ಹೋರಿಯ ವೈ ಕ್ರೋಮೋಸೋಮ್ ನೋಡಿದರೆ ತಂದೆಯ ಕಡೆ ತಿಳಿಯುತ್ತದೆ, ಮೈಟೋಕಾಂಡ್ರಿಯಾ ನೋಡಿದರೆ ತಾಯಿಯ ಕಡೆ. ಒಂದೊಂದು ತಲೆಯಲ್ಲೂ ಎರಡು ಕಡೆಯ ವಂಶ ಕೂತಿರುತ್ತದೆ.

ಲಾರ್ಡು ಕೊಟ್ಟ ಅನುಮತಿ ಮಾತ್ರ ಜಿಪುಣತನದ್ದು. ಎದುರಿಗೆ ಕಾಣದ ಹಾಗೆ, ಕೊಂಬಿನ ಬುಡದ ಹಿಂಭಾಗದಲ್ಲಿ ಚೂರು ಕೆರೆದುಕೊಳ್ಳಬಹುದು, ಅಷ್ಟೇ. ಬ್ರಿಟನ್ನಿನ ದನದ ತಲೆಯ ಯಾವ ಭಾಗ ಬಂದರೂ ಆಗ ಹುಚ್ಚು ಹಸು ರೋಗದ ಭಯ; ಅನುಮತಿ ಪತ್ರಗಳಿಗೆ ವಾರಗಟ್ಟಲೆ ಕಾದ ಮೇಲೆ ಪುಡಿ ತುಂಬಿದ ಟ್ಯೂಬುಗಳು ಬಂದವು.

ಹಳೇ ಡಿಎನ್ಎ ಕೆಲಸದ ಕ್ಲೀನ್ ರೂಮಿಗೆ ಹೋಗುವುದೆಂದರೆ ಮಡಿಯುಟ್ಟು ಒಳಗೆ ಹೋದ ಹಾಗೆ. ಸ್ನಾನ, ಒಗೆದ ಬಟ್ಟೆ, ಮೇಲೊಂದು ಕಾಗದದ ಅಂಗಿ, ಮುಖಕ್ಕೆ ಮಾಸ್ಕು, ಕೈಗೆ ಎರಡು ಪದರ ಗ್ಲೌಸು. ಹೊರಗಿನ ಲ್ಯಾಬಿಗೆ ಒಮ್ಮೆ ಹೋದರೆ ಅಂದು ಮತ್ತೆ ಕ್ಲೀನ್ ರೂಮಿಗೆ ಬರುವಂತಿಲ್ಲ. ನಾವು ಹುಡುಕುವುದು ದನದ ಡಿಎನ್ಎ ಆದ್ದರಿಂದ ನಮಗೆ ಇನ್ನಷ್ಟು ಮಡಿ. ಚರ್ಮದ ಬೆಲ್ಟು, ಚಪ್ಪಲಿ ಇಲ್ಲ. ಬೆಳಿಗ್ಗೆ ಹಾಲು, ಮೊಸರು, ಬೆಣ್ಣೆ ಮುಟ್ಟುವಂತಿಲ್ಲ, ಹಾಲಿನಲ್ಲೂ ಹಸುವಿನ ಜೀವಕೋಶ ಇರುತ್ತದೆ. ಮಗನಿಗೆ ಮೊಸರು ತಿನ್ನಿಸಿ ಡಾಗಿಸಿಗೆ, ಅಂದರೆ ಶಿಶುವಿಹಾರಕ್ಕೆ, ಬಿಡುವ ಕೆಲಸ ಆ ತಿಂಗಳು ಗಂಡನದಾಯಿತು. ನಾನು ಕರಿ ಕಾಫಿ ಕುಡಿದುಕೊಂಡು ಮೂಲೆಯಲ್ಲಿ ನಿಲ್ಲುತ್ತಿದ್ದೆ. ಮಗ ಸ್ವೀಡಿಷಿನಲ್ಲಿ, "ಅಮ್ಮನಿಗೆ ಜ್ವರವಾ?" ಎಂದು ಅವನಪ್ಪನನ್ನು ಕೇಳುತ್ತಿದ್ದ.

ಇಷ್ಟು ಮಾಡಿಯೂ ಮೊದಲ ಸುತ್ತು ಕೆಟ್ಟಿತು. ಪ್ರತಿ ಸುತ್ತಿನಲ್ಲೂ ಒಂದೆರಡು ಟ್ಯೂಬುಗಳಿಗೆ ಪುಡಿ ಹಾಕದೆ, ಉಳಿದೆಲ್ಲ ರಾಸಾಯನಿಕ ಹಾಕಿ ನಡೆಸುತ್ತೇವೆ. ಆ ಖಾಲಿ ಟ್ಯೂಬುಗಳಲ್ಲಿ ಏನೂ ಕಾಣಬಾರದು. ನಮ್ಮವುಗಳಲ್ಲಿ ದನ ಕಾಣಿಸಿತು. ಟ್ಯೂಬು ಬದಲಾಯಿಸಿದೆ, ನೀರು ಬದಲಾಯಿಸಿದೆ, ಮೇಜನ್ನು ಬ್ಲೀಚಿನಿಂದ ಮೂರು ಸಲ ಒರೆಸಿದೆ. ಮತ್ತೆ ದನ. ಕಡೆಗೆ ಸಿಕ್ಕಿಬಿದ್ದದ್ದು ಒಂದು ಪುಟ್ಟ ಬಾಟಲಿ. ಹಳೇ ಮಾದರಿಗಳು ಚೆನ್ನಾಗಿ ಕೆಲಸ ಮಾಡಲೆಂದು ಎಲ್ಲರೂ ಬೆರೆಸುವ ಒಂದು ಪ್ರೋಟೀನು ಅದು. ತಯಾರಾಗುವುದು ಹಸುವಿನ ರಕ್ತದಿಂದ. ಮನುಷ್ಯರ, ಕುದುರೆಯ ಡಿಎನ್ಎ ಓದುವವರಿಗೆ ಅದರಿಂದ ತೊಂದರೆಯಿಲ್ಲ; ನಮಗೆ ಬೇಲಿಯೇ ಹೊಲ ಮೇಯ್ದಿತ್ತು. ಪೂರ್ತಿ ಒಂದು ತಿಂಗಳ ಕೆಲಸವನ್ನು ಕಸದ ಡಬ್ಬಿಗೆ ಹಾಕಿದೆ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ.

ಪ್ರೋಟೀನು ಬಿಟ್ಟು ಮತ್ತೆ ನಡೆಸಿದೆ. ಖಾಲಿ ಟ್ಯೂಬು ಖಾಲಿಯಾಗಿ ಬಂದವು. ಆದರೆ ತಲೆಗಳದ್ದು ಕಲಸುಮೇಲೋಗರ. ಒಂದೇ ಹೋರಿಯ ಪುಡಿಯಲ್ಲಿ ಎರಡು ಮೂರು ತಾಯಂದಿರ ಗುರುತು. ಒಂದು ಪ್ರಾಣಿಗೆ ಒಬ್ಬಳೇ ತಾಯಿ ಎಂಬಷ್ಟು ಜ್ಞಾನ ನನಗಿತ್ತು. ಹಲಗೆಗೆ ತಲೆಯನ್ನು ಬಿಗಿಯಲು ಏನು ಬಳಸಿದ್ದಾರೆ ಎಂದು ಲಾರ್ಡರ ಮಗಳಿಗೆ ಫೋನ್ ಮಾಡಿ ಕೇಳಿದೆ. ಕೊಂಬಿನ ಬುಡದ ಹಿಂದೆ ಕಂದು ಬಣ್ಣದ ಗಟ್ಟಿ ಅಂಟು ಇದೆ ಎಂದಳು. ದನದ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು. ನಾನು ಇಷ್ಟು ದಿನ ಓದುತ್ತಿದ್ದದ್ದು ಆ ಅಂಟಿಗೆ ಬಲಿಯಾದ, ಯಾವುದೋ ಕಟುಕನ ಅಂಗಡಿಯ ದನಗಳನ್ನು.

ಫಿಕಾ ಕೋಣೆಯಲ್ಲಿ ಪ್ರೊಫೆಸರು ವಿಷಯ ಮುಗಿಸಲು ನೋಡಿದರು. "ಇಂದಿನ ಹಿಂಡಿನದ್ದು ಗಟ್ಟಿ ಫಲಿತಾಂಶ. ಅಷ್ಟನ್ನು ಬರೆದು ಕೊಡು. ಹಳೆಯದು ಓದಲಾಗಲಿಲ್ಲ ಅಂತ ಸೇರಿಸು. ಸುಳ್ಳೇನಲ್ಲವಲ್ಲ."

ಸುಳ್ಳಲ್ಲ. ಆದರೆ ಲಾರ್ಡು ಅದನ್ನು ಹೇಗೆ ಓದುತ್ತಾರೆಂದು ನನಗೆ ಗೊತ್ತಿತ್ತು: ಎಲ್ಲ ಒಂದೇ ರಕ್ತ, ಹೊರಗಿನದು ಕಂಡಿಲ್ಲ. ಮಗಳು ಮಾತು ಕೊಟ್ಟಂತೆ ಬಾಯಿ ಮುಚ್ಚುತ್ತಾಳೆ. ಹಿಂಡು ಒಂದೊಂದಾಗಿ ಮುದಿಯಾಗಿ ಸಾಯುತ್ತದೆ. ಅಮೃತಮಹಲ್ ಕಾವಲಿನಲ್ಲಿ ನಾನು ಕಂಡದ್ದೂ ನೆನಪಾಗುತ್ತಿತ್ತು. ಸರ್ಕಾರಿ ಹೋರಿ ಯಾವುದು, ಯಾವ ಹಸುವಿಗೆ ಎಂದು ನಾವು ಎಷ್ಟು ಕಟ್ಟುನಿಟ್ಟು ಮಾಡಿದರೂ, ಕಾವಲಿನ ಅಂಚಿನ ಹಳ್ಳಿಗಳವರು ದೇವರಿಗೆ ಬಿಟ್ಟ ಬಸವ ಒಂದಲ್ಲ ಒಂದು ದಿನ ಒಳಗೆ ಬಂದೇ ಇರುತ್ತಿತ್ತು. ದನದ ಗೋಡೆಯನ್ನು ನಾನು ಅಷ್ಟಾಗಿ ನಂಬುವವಳಲ್ಲ.

"ಹಲ್ಲು ಕೇಳ್ತೀನಿ," ಅಂದೆ. ದವಡೆಯ ಕೊನೆಯ ಹಲ್ಲಿನ ಬೇರಿಗೆ ಅಂಟು ತಲುಪಿರುವುದಿಲ್ಲ. ಮೇಲ್ಪದರ ಉಜ್ಜಿ ತೆಗೆದು, ಒಳಗಿನದನ್ನು ಕೊರೆದರೆ ಸಿಗುವುದು ಆ ಹೋರಿಯೊಂದೇ.

ಲಾರ್ಡಿಗೆ ನಾನೇ ಫೋನ್ ಮಾಡಿದೆ. ಹೇಗೆ ಸಂಬೋಧಿಸಬೇಕೆಂದು ಮಗಳು ಹೇಳಿಕೊಟ್ಟಿದ್ದಳು. ಆ ಕ್ಷಣಕ್ಕೆ ಮರೆತು ಸರ್ ಎಂದೆ.

"ಡಾಕ್ಟರ್, ಆ ತಲೆಗಳ ಬಾಯಿಗೆ ಈವರೆಗೆ ಯಾರೂ ಕೈ ಹಾಕಿಲ್ಲ," ಎಂದರು. ಸಿಟ್ಟಿನ ಧ್ವನಿಯಲ್ಲ, ನೆಂಟರ ಮನೆಯ ಹುಡುಗಿಗೆ ಮೇಜಿನ ಮರ್ಯಾದೆ ಹೇಳಿಕೊಡುವ ಧ್ವನಿ.

"ಗೊತ್ತು ಸರ್. ಆದರೆ ಹಲ್ಲು ಇಲ್ಲದೆ ನಿಮ್ಮ ಹಿಂಡು ಶುದ್ಧ ಅಂತ ನಾನು ಬರೆದರೂ ಜನ ನಗುತ್ತಾರೆ. ಆಕೆ ಓದಿದ್ದು ಅಂಟಿನ ಡಬ್ಬಿಯನ್ನ ಅಂತಾರೆ."

ನಾನು ಅವರ ಅಭಿಮಾನಕ್ಕೇ ಗಾಳ ಹಾಕಿದ್ದೆ. ಅದೇ ಹಲ್ಲು ಅವರ ಅಭಿಮಾನವನ್ನು ಮುರಿಯಲೂಬಹುದೆಂದು ನನಗೆ ಗೊತ್ತಿತ್ತು, ಬಹುಶಃ ಅವರಿಗೂ. "ಯಾರಿಗೂ ಕಾಣದ ಹಲ್ಲು," ಎಂದರು ಕೊನೆಗೆ. "ನನ್ನ ತಲೆಯಿಂದ ಶುರು ಮಾಡಿ." ಅವರು ಹೇಳಿದ್ದು ತಾವು ಪ್ರಾಯದಲ್ಲಿ ಹೊಡೆದ ಹೋರಿಯ ತಲೆಯನ್ನು.

ಮತ್ತೆ ಅನುಮತಿ, ಮತ್ತೆ ಕಾಯುವಿಕೆ. ಹಲ್ಲುಗಳು ಬಂದ ಮೇಲೆ ಅವಸರ ಮಾಡಲಿಲ್ಲ. ದಿನಕ್ಕೊಂದೇ ಹಲ್ಲು; ಒಂದರ ಪುಡಿ ಇನ್ನೊಂದಕ್ಕೆ ಹಾರಬಾರದು. ಕೊರೆಯುವ ಯಂತ್ರ ಜೋರಾಗಿ ತಿರುಗಿದರೆ ಬಿಸಿಯಾಗಿ ಡಿಎನ್ಎ ಸುಟ್ಟುಹೋಗುತ್ತದೆ, ನಿಧಾನವಾಗಿ ತಿರುಗಿಸಬೇಕು. ಪ್ರತಿ ಹಲ್ಲಿನ ಅರ್ಧ ಪುಡಿಯನ್ನು ಬೇರೆ ದೇಶದ ಲ್ಯಾಬಿಗೆ ಕಳಿಸಿ, ಅವರೂ ಅದನ್ನೇ ಓದಿದರೆ ಮಾತ್ರ ನಂಬುವುದು ಎಂದು ತೀರ್ಮಾನಿಸಿದೆವು. ಅವರೂ ಅದನ್ನೇ ಓದಿದರು.

ತಾಯಿಯ ಕಡೆ ಮೊದಲು ಸ್ಪಷ್ಟವಾಯಿತು. ಬೇರೆಲ್ಲೂ ಕಾಣದ ಒಂದು ಚಿಕ್ಕ ಬದಲಾವಣೆ ಅತ್ಯಂತ ಹಳೆಯ ತಲೆಯಿಂದ ಹಿಡಿದು ಇಂದಿನ ಕರುವಿನವರೆಗೆ ಎಲ್ಲದರಲ್ಲೂ ಇತ್ತು. ಒಂದೂ ತಪ್ಪಿಲ್ಲ. ಲಾರ್ಡು ಗೆದ್ದರು ಎಂದುಕೊಂಡೆ, ಮನಸ್ಸು ಪಿಚ್ಚೆಂದಿತು.

ತಂದೆಯ ಕಡೆ ಬೇರೆ ಕಥೆ ಹೇಳಿತು. ಹಳೆಯ ತಲೆಗಳಲ್ಲಿ ವೈ ಕ್ರೋಮೋಸೋಮ್ ಒಂದು ಬಗೆ. ಹತ್ತೊಂಬತ್ತನೇ ಶತಮಾನದ ಒಂದು ತಲೆಯಿಂದ ಮುಂದಕ್ಕೆ, ಇಂದಿನ ಹೋರಿಗಳವರೆಗೆ, ಪೂರ್ತಿ ಇನ್ನೊಂದು ಬಗೆ. ಎರಡು ಬಗೆಯೂ ಮೊದಲಿನಿಂದ ಇದ್ದು ಒಂದು ಅಳಿದಿರಬಹುದಲ್ಲ ಎಂದು ಪ್ರೊಫೆಸರು ಕೊಕ್ಕೆ ತೆಗೆದರು. ನ್ಯಾಯವಾದ ಕೊಕ್ಕೆ. ಇನ್ನಷ್ಟು ಗುರುತುಗಳನ್ನು ನೋಡಿದೆವು. ಹೊಸ ಬಗೆ ಹೋಲುತ್ತಿದ್ದದ್ದು ಅದೇ ಸೀಮೆಯ ರೈತರು ಆ ಕಾಲದಲ್ಲಿ ಬೆಳೆಸಿದ ಒಂದು ಸಾಕುತಳಿಯನ್ನು. ಗೋಡೆಯಾಚೆಯ ಹೋರಿ ಒಳಗೆ ಬಂದಿತ್ತು.

ನಮ್ಮ ಮಂಗಳೂರಿನವರಿಗೆ ಪರಮಾನಂದ.

"ನೀವು ಅಪ್ಪನ ಕಡೆಯಿಂದ ಹುಡುಕಿ ಟೆನ್ಶನ್ ಮಾಡ್ಕೊಂಡ್ರಿ," ಅಂದರು. "ನಮ್ಮ ಕಡೆ ಅಳಿಯಸಂತಾನ. ಮನೆ ಅಂದ್ರೆ ತಾಯಿದು, ಬಳಿ ಅಂದ್ರೆ ಗೋತ್ರ, ಅದೂ ತಾಯಿದು. ಗಂಡ ಎಲ್ಲಿಂದ ಬಂದ ಅಂತ ಯಾರಿಗೆ ಬೇಕು? ನಮ್ಮ ಲೆಕ್ಕದಲ್ಲಿ ಈ ಹಿಂಡು ಒಂದೇ ಮನೆ, ಕಟ್ಟಾಗೇ ಇಲ್ಲ."

"ಹಾಗಾದ್ರೆ ಈ ಹೊಸ ಹೋರಿ ಯಾರು?"

"ಅವನಾ? ಮನೆ ಅಳಿಯ!"

ಆ ಮೇಲೆ ನಮ್ಮಿಬ್ಬರ ಮಾತಿನಲ್ಲಿ ಆ ಹೋರಿಗೆ ಅದೇ ಹೆಸರಾಯಿತು. ಅಳಿಯನ ಮಗ, ಅಳಿಯನ ಮರಿಮಗ ಎಂದು ನಗುತ್ತ ಕೆಲಸ ಮಾಡಿದೆವು. ಅವರು ಕಂಪ್ಯೂಟರಿನಲ್ಲೂ ಹಾಗೇ ಬರೆದುಕೊಂಡಿದ್ದರು. ಅದು ನನಗೆ ತಿಳಿದಿರಲಿಲ್ಲ.

ಫಲಿತಾಂಶ ಕೇಳಲು ಅಪ್ಪ ಮಗಳು ಉಪ್ಸಾಲಾಕ್ಕೇ ಬಂದರು. ಲಾರ್ಡು ಎತ್ತರದ ಆಳು, ಸ್ವಲ್ಪ ಬಾಗಿದ್ದರು. ಕೋಟಿನ ಮೊಣಕೈ ಸವೆದು ತೇಪೆ ಹಾಕಿತ್ತು. ಮಗಳಿಗೆ ನನ್ನ ವಯಸ್ಸಿರಬಹುದು, ಅಂಗೈ ದನ ಕಾಯುವವರದ್ದು. ಕಾಫಿ, ದಾಲ್ಚಿನ್ನಿ ಬನ್ನು ಇಟ್ಟ ಕೋಣೆಯಲ್ಲಿ ಪರದೆಯ ಮೇಲೆ ನಕ್ಷೆ ಬಿತ್ತು. ಎಡಗಡೆ ತಾಯಂದಿರ ಸಾಲು, ಬಲಗಡೆ ತಂದೆಯಂದಿರದ್ದು. ಬಲಗಡೆಯ ಗೆರೆ ಒಂದು ಕಡೆ ತುಂಡಾಗಿ ಬಣ್ಣ ಬದಲಾಗಿತ್ತು. ಆ ಜಾಗದಲ್ಲಿ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ "ಅಳಿಯ" ಎಂದಿತ್ತು.

ಪಕ್ಕದಲ್ಲಿ ನಮ್ಮ ಮಂಗಳೂರಿನವರು ಕುರ್ಚಿಯಲ್ಲಿ ಸಣ್ಣಗಾದರು. ನಾನು ಬೇಗ ಬೇಗ ವಿವರಿಸಿ ಮುಂದಿನ ಪುಟಕ್ಕೆ ಹೋಗಬೇಕೆಂದುಕೊಂಡೆ. ಲಾರ್ಡು ಕೈ ಎತ್ತಿದರು.

"ಆ ಪದ ಏನು? ತಳಿಯ ಹೆಸರೆ?"

ಸುಳ್ಳು ಹೇಳಬಹುದಿತ್ತು. ಮಂಗಳೂರಿನವರು ಎದ್ದು ನಿಂತು, "ಕ್ಷಮಿಸಿ. ಅದು ನಮ್ಮ ಭಾಷೆಯ ಪದ. ಹೆಂಡತಿಯ ಮನೆಗೆ ಬಂದು ಇರುವ ಗಂಡ. ತಮಾಷೆಗೆ ಇಟ್ಟಿದ್ದೆ, ತೆಗೆಯಲು ಮರೆತೆ," ಎಂದುಬಿಟ್ಟರು.

ಮಗಳು ಕಪ್ಪನ್ನು ಕೆಳಗಿಟ್ಟಳು. ಲಾರ್ಡು ಪರದೆಯನ್ನೇ ನೋಡುತ್ತಿದ್ದರು. ಪ್ರೊಫೆಸರ ಮುಖ ಕೆಂಪಾಯಿತು. ಯಾರೂ ಬನ್ನಿಗೆ ಕೈ ಹಾಕಲಿಲ್ಲ.

"ಯಾವ ತಲೆಯಿಂದ ಬದಲಾಯಿತು ಅಂದಿರಿ?" ಎಂದು ಲಾರ್ಡು ಕೇಳಿದರು. ಹೇಳಿದೆ.

"ಅದು ನನ್ನ ತಾತ ಹೊಡೆದದ್ದು. ಹಾಗಾದರೆ ಹೋರಿ ಬಂದದ್ದು ತಾತನ ಅಪ್ಪನ ಕಾಲದಲ್ಲಿ. ಆ ಮುತ್ತಾತ ಹುಟ್ಟಿದ್ದು ಬೇರೆ ಹೆಸರಿನಲ್ಲಿ. ಅವರ ಅಪ್ಪನದು ಬಿಯರ್ ಕಾರ್ಖಾನೆ. ನಮ್ಮ ಮನೆಯಲ್ಲಿ ಉಳಿದದ್ದು ಒಬ್ಬಳೇ ಮಗಳು. ಅವಳನ್ನು ಮದುವೆಯಾಗಿ, ರಾಣಿಯ ಅಪ್ಪಣೆ ಪಡೆದು, ನಮ್ಮ ಹೆಸರು ಇಟ್ಟುಕೊಂಡರು. ಪುಸ್ತಕ ಬರೆಸಿದಾಗ ನಮ್ಮಪ್ಪ ಆ ಸಾಲು ತೆಗೆಸಿದರು."

ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಪು‌ಸ್ತಕದಲ್ಲಿ ಎಲ್ಲರಿಗೂ ಒಂದೇ ಮನೆತನದ ಹೆಸರು. ನಾನು ನೋಡಿದ್ದು ವರ್ಷಗಳನ್ನಷ್ಟೇ.

"ಅವರ ಕಾಲದಲ್ಲೇ ಒಂದು ಘೋರ ಚಳಿಗಾಲ ಬಂದಿತ್ತು. ಹಿಂಡು ಬಹುಪಾಲು ಸತ್ತು, ದೇವರ ದಯೆಯಿಂದ ಚೇತರಿಸಿಕೊಂಡಿತು ಅಂತ ಬರೆದಿದೆ," ಎಂದರು ಲಾರ್ಡು. ತುಟಿ ತುಸು ಓರೆಯಾಯಿತು. "ದಯೆ ಯಾವ ಕೊಟ್ಟಿಗೆಯಿಂದ ಬಂತು ಅಂತ ಬರೆದಿಲ್ಲ."

ಯಾರಾದರೂ ನಗಬಹುದಾಗಿದ್ದ ಮಾತು. ಯಾರೂ ನಗಲಿಲ್ಲ.

"ಹಾಗಾದರೆ ನಾನು ಇಷ್ಟು ವರ್ಷ ಕಾಯ್ದದ್ದು ಏನನ್ನ, ಡಾಕ್ಟರ್?"

ನಕ್ಷೆಯ ಎಡಗಡೆ ತೋರಿಸಿದೆ. ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣದ ಗೆರೆ.

"ತಾಯಂದಿರನ್ನ," ಅಂದೆ. "ಅವರು ಒಬ್ಬರೂ ಹೊರಗಿನವರಲ್ಲ. ನೀವು ಕಾಯ್ದದ್ದು ಸುಳ್ಳಲ್ಲ ಸರ್."

ಮಗಳು ಅಪ್ಪನ ಕಡೆ ನೋಡಲಿಲ್ಲ. ಒಪ್ಪಂದದ ಪ್ರಕಾರ ಗೆದ್ದದ್ದು ಅವಳು. ಮುಖದಲ್ಲಿ ಗೆದ್ದವಳ ಕಳೆ ಇರಲಿಲ್ಲ.

ಲಾರ್ಡಿಗೆ ಹಲ್ಲು ಕೊರೆದ ಕೋಣೆ ನೋಡಬೇಕೆನಿಸಿತು. ಒಳಗೆ ಬಿಡುವಂತಿರಲಿಲ್ಲ. ಕಾರಿಡಾರಿನಲ್ಲಿ ಬೂಟು ಬಿಚ್ಚಿಸಿ ಗಾಜಿನಾಚೆಯಿಂದ ತೋರಿಸಿದೆ. ಖಾಲಿ ಮೇಜು, ಕೊರೆಯುವ ಯಂತ್ರ, ನೀಲಿ ದೀಪ. ದೇವಸ್ಥಾನದ ಹೊರಗೆ ನಿಂತವರ ಹಾಗೆ ಎರಡೂ ಕೈ ಹಿಂದೆ ಕಟ್ಟಿಕೊಂಡು ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂತರು. ಬಗ್ಗಲಾಗದೆ ಒದ್ದಾಡುವುದನ್ನು ನೋಡಿ ಮಗಳು ಮಂಡಿಯೂರಿ ಬೂಟಿನ ದಾರ ಕಟ್ಟತೊಡಗಿದಳು.

"ಹೋರಿ ಎಲ್ಲಿಂದ?" ಎಂದು ಅವಳ ನೆತ್ತಿ ನೋಡುತ್ತ ಕೇಳಿದರು.

ನಾನು ಹೇಳಿದೆ. ಸ್ಕಾಟ್ಲೆಂಡಿನ ಗಡಿಯಾಚೆ ಇನ್ನೊಂದು ಬಿಳಿ ಹಿಂಡಿತ್ತು. ದೂರದ ಸಂಬಂಧ, ಆದರೆ ಸಾಕಷ್ಟು ಬೇರೆ ರಕ್ತ.

"ಬಿಳಿಯೇ ಹುಟ್ಟುತ್ತವೆಯೆ?"

"ಹೆಚ್ಚಿನವು. ಎಲ್ಲವೂ ಅಂತ ಮಾತು ಕೊಡಲಾರೆ."

ಅವರು ತಲೆಯಾಡಿಸಿದರು. "ಗೇಟು ನೀನೇ ತೆಗೆಯಬೇಕು," ಎಂದರು ಮಗಳಿಗೆ. "ನಾನು ಬರೋದಿಲ್ಲ."

"ಆಯ್ತಪ್ಪಾ," ಎಂದಳು. ಎರಡನೇ ಬೂಟಿನ ಗಂಟನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕಟ್ಟಿದಳು.

ಹೋರಿ ಆ ಬೇಸಿಗೆಯಲ್ಲೇ ಗೋಡೆಯೊಳಗೆ ಹೋಯಿತು. ಲಾರ್ಡು ಹೇಳಿದಂತೆಯೇ ಗೇಟಿನ ಹತ್ತಿರ ಬರಲಿಲ್ಲವಂತೆ. ನಮ್ಮ ಲೇಖನ ತನ್ನ ದಾರಿ ಹಿಡಿಯಿತು. ನಾನು ಮೊಸರು ತಿನ್ನಿಸುವ ಪಾಳಿಗೆ ಮರಳಿದೆ. ಮರುವರ್ಷ ವಸಂತದಲ್ಲಿ, ಹಿಮ ಕರಗಿ, ಜಾರದಿರಲೆಂದು ಚೆಲ್ಲಿದ್ದ ಜಲ್ಲಿಕಲ್ಲು ರಸ್ತೆಯೆಲ್ಲ ಉಳಿದಿದ್ದ ಒಂದು ಬೆಳಿಗ್ಗೆ, ಲಾರ್ಡರ ಮಗಳು ಫೋನ್ ಮಾಡಿದಳು. ಕರುಗಳು ಹುಟ್ಟಿವೆ, ಎದ್ದು ನಿಂತಿವೆ, ಅವಳು ಕಂಡಂತೆ ಯಾವ ವಸಂತದಲ್ಲೂ ಇಷ್ಟು ಕರು ಹುಟ್ಟಿರಲಿಲ್ಲ. ಮಾತು ಅಲ್ಲಿಗೆ ನಿಲ್ಲಲಿಲ್ಲ.

"ಒಂದು ಮಾತ್ರ ಪೂರ್ತಿ ಕೆಂಪು," ಎಂದಳು.

ಬಣ್ಣದ ಕರು ಹುಟ್ಟಿದರೆ ಅಂದೇ ಗುಂಡಿಕ್ಕುವುದು ಆ ಮನೆಯ ಪದ್ಧತಿ. ಅದು ಯಜಮಾನನೇ ಮಾಡಬೇಕಾದ ಕೆಲಸ. ಅಪ್ಪನಿಗೆ ಹೇಳದೆ ಮುಚ್ಚಿಡೋಣವೆಂದು ಅವಳು ಯೋಚಿಸಿದ್ದಳಂತೆ. ಅಷ್ಟರಲ್ಲಿ ಅವರೇ ಬಂದೂಕು ಹಿಡಿದು ಗೋಡೆಯ ಹತ್ತಿರ ಬಂದಿದ್ದರು.

"ಆಮೇಲೆ?" ಅಂದೆ.

"ತುಂಬಾ ಹೊತ್ತು ನೋಡಿದರು. ಹಸು ಅದನ್ನು ನೆಕ್ಕುತ್ತಾ ಇತ್ತು. ಬಂದೂಕನ್ನ ನನ್ನ ಕೈಗೆ ಕೊಟ್ಟರು. 'ಅದರ ತಾಯಿ ನಮ್ಮವಳೇ' ಅಂದರು."